ಉಸಿರಿನ ಕಾವಲುಗಾರ

ಬೀದರ್ ನಗರದ ಅಂಚಿನಲ್ಲಿರುವ ನೌಬಾದದಲ್ಲಿ ನೆಲದಡಿ ಹರಿಯುವ ಒಂದು ಹಳೆಯ ನೀರಿನ ಕಾಲುವೆಯಿದೆ. ಅದಕ್ಕೆ ಕರೇಜ್ ಎಂದು ಹೆಸರು. ಬಹಮನಿ ಅರಸರ ಕಾಲದಲ್ಲಿ, ಪರ್ಷಿಯಾ ದೇಶದಿಂದ ಬಂದ ವಿದ್ಯೆಯನ್ನು ಅನುಸರಿಸಿ, ಕೆಂಪು ಜಂಬಿಟ್ಟಿಗೆ ಕಲ್ಲಿನ ನೆಲವನ್ನು ಕೊರೆದು ಅದನ್ನು ನಿರ್ಮಿಸಿದರು. ಸುರಂಗದ ಉದ್ದಕ್ಕೂ ಅಲ್ಲಲ್ಲಿ ಮೇಲಿನಿಂದ ಕೆಳಕ್ಕೆ ಬಾವಿಗಳಂಥ ಕಿಂಡಿಗಳನ್ನು ಇಳಿಸಿದ್ದಾರೆ. ಅಗೆದ ಮಣ್ಣನ್ನು ಮೇಲಕ್ಕೆ ಎತ್ತುವುದಕ್ಕೆ ಮಾತ್ರವಲ್ಲ, ಒಳಗೆ ದುಡಿಯುವವರಿಗೆ ಗಾಳಿ ಬೆಳಕು ದೊರೆಯುವುದಕ್ಕೂ ಈ ಕಿಂಡಿಗಳು ಬೇಕಾಗಿದ್ದವು. ನೆಲದೊಳಕ್ಕೆ ಇಳಿಯುವ ಮನುಷ್ಯನಿಗೆ ಅನ್ನ ನೀರುಗಳಿಗಿಂತ ಮೊದಲು ಗಾಳಿ ಬೇಕು ಎಂಬ ಸತ್ಯವನ್ನು ಆ ಕೆಲಸಗಾರರು ಅನುಭವದಿಂದಲೇ ಅರಿತಿದ್ದರು.

ಆದರೆ ಈ ಸತ್ಯವು ನೆಲದ ಮೇಲಿನ ಮನೆಗೂ ಅನ್ವಯಿಸುತ್ತದೆ ಎಂಬುದನ್ನು ಜನರು ಮರೆಯುವುದುಂಟು. ಬೀದರ್, ಭಾಲ್ಕಿ, ಔರಾದ ಕಡೆಯ ಎತ್ತರದ ಬಯಲಿನಲ್ಲಿ ಮಾರ್ಗಶಿರ ಪುಷ್ಯ ಮಾಸಗಳ ರಾತ್ರಿಗಳು ಬಹಳ ತಣ್ಣಗಿರುತ್ತವೆ. ಚಳಿ ತಡೆಯಲಾರದೆ ಇದ್ದಲಿನ ಅಗ್ಗಿಷ್ಟಿಕೆಯನ್ನು ಕೋಣೆಯೊಳಗೆ ಇಟ್ಟುಕೊಂಡು, ಕಿಟಕಿ ಬಾಗಿಲುಗಳನ್ನು ಭದ್ರವಾಗಿ ಮುಚ್ಚಿ ಮಲಗುವವರಿದ್ದಾರೆ. ಹೊಗೆ ಇಲ್ಲ, ವಾಸನೆ ಇಲ್ಲ, ಕೆಂಡ ಮಾತ್ರ ಹಿತವಾಗಿ ಹೊಳೆಯುತ್ತಿದೆ. ಇನ್ನೇನು ಭಯ ಎಂದು ಅವರು ಭಾವಿಸುತ್ತಾರೆ. ಆ ಕೆಂಡದಿಂದಲೇ ಕಣ್ಣಿಗೆ ಕಾಣದ, ಮೂಗಿಗೆ ತಿಳಿಯದ ಒಂದು ವಿಷದ ಅನಿಲ ಹೊರಬಂದು ಕೋಣೆಯನ್ನು ತುಂಬುತ್ತಿರುತ್ತದೆ. ಅದೇ ಕಾರ್ಬನ್ ಮಾನಾಕ್ಸೈಡ್. ಈ ಅನಿಲವು ಮನುಷ್ಯನನ್ನು ಹೇಗೆ ಕೊಲ್ಲುತ್ತದೆ, ಅದರಿಂದ ಪಾರಾಗುವ ಬಗೆ ಯಾವುದು ಎಂಬುದನ್ನು ತಿಳಿಯಲು ತಮ್ಮ ದೇಹವನ್ನೇ ಪರೀಕ್ಷೆಗೆ ಒಡ್ಡಿದ ಮಹನೀಯರು ಜಾನ್ ಸ್ಕಾಟ್ ಹಾಲ್ಡೇನ್.

ಹಾಲ್ಡೇನರು 1860ನೆಯ ಇಸವಿ ಮೇ ತಿಂಗಳ ಆರಂಭದಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೋ ನಗರದಲ್ಲಿ ಜನಿಸಿದರು. ಅವರದು ಅನುಕೂಲಸ್ಥ ಮನೆತನ. ತಂದೆ ರಾಬರ್ಟ್ ಹಾಲ್ಡೇನ್ ವಕೀಲರಾಗಿದ್ದರು. ಅಣ್ಣ ರಿಚರ್ಡ್ ಮುಂದೆ ಬ್ರಿಟನ್ನಿನ ಯುದ್ಧ ಮಂತ್ರಿಯಾಗಿ ಹೆಸರಾದರು. ಜಾನ್ ಅವರು ಎಡಿನ್‌ಬರೋ ವಿಶ್ವವಿದ್ಯಾಲಯದಲ್ಲಿ ವೈದ್ಯ ವಿದ್ಯೆಯನ್ನು ಅಭ್ಯಾಸ ಮಾಡಿ 1884ರಲ್ಲಿ ಪದವಿ ಪಡೆದರು. ವೈದ್ಯರಾಗಿ ಹಣ ಕೀರ್ತಿಗಳನ್ನು ಸಂಪಾದಿಸುವುದು ಅವರಿಗೆ ಕಷ್ಟವಾಗಿರಲಿಲ್ಲ. ಆದರೆ ಅವರ ಮನಸ್ಸು ಬೇರೆ ದಿಕ್ಕಿಗೆ ಹರಿಯಿತು. ಕಾಯಿಲೆ ಬಂದ ಮೇಲೆ ಔಷಧ ಕೊಡುವುದಕ್ಕಿಂತ, ದುಡಿಯುವ ಜನ ಯಾವ ಗಾಳಿಯನ್ನು ಉಸಿರಾಡುತ್ತಾರೆ, ಅದು ಅವರ ದೇಹದಲ್ಲಿ ಏನು ಮಾಡುತ್ತದೆ ಎಂಬುದನ್ನು ಅರಿಯುವುದು ಹೆಚ್ಚಿನ ಕಾರ್ಯವೆಂದು ಅವರು ಬಗೆದರು.

ಮೊದಲಿಗೆ ಅವರು ಡಂಡೀ ನಗರಕ್ಕೆ ಹೋದರು. ಅದು ಸೆಣಬಿನ ಗಿರಣಿಗಳ ಊರು. ಸಾವಿರಾರು ಬಡ ಕೂಲಿಕಾರರು ಒಂದೊಂದು ಕೋಣೆಯ ಮನೆಗಳಲ್ಲಿ ಮಕ್ಕಳು ಮರಿಗಳೊಡನೆ ಕಿಕ್ಕಿರಿದು ವಾಸಿಸುತ್ತಿದ್ದರು. ಹಾಲ್ಡೇನರು ತಮ್ಮ ಸಹೋದ್ಯೋಗಿಗಳಾದ ಕಾರ್ನೆಲಿ ಮತ್ತು ಆಂಡರ್‌ಸನ್ನರೊಡನೆ ನಡುರಾತ್ರಿಯ ಹೊತ್ತಿನಲ್ಲಿ ಈ ಮನೆಗಳ ಬಾಗಿಲು ತಟ್ಟಿ, ಜನರು ಮಲಗಿದ್ದ ಕೋಣೆಗಳ ಗಾಳಿಯನ್ನು ಶೀಶೆಗಳಲ್ಲಿ ಹಿಡಿದು ತಂದು ಪರೀಕ್ಷಿಸಿದರು. ಶಾಲೆಗಳ ಗಾಳಿಯನ್ನೂ ಅಳೆದರು. ಒಂದೇ ಕೋಣೆಯ ಮನೆಗಳ ಗಾಳಿ ದೊಡ್ಡ ಮನೆಗಳ ಗಾಳಿಗಿಂತ ಬಹಳ ಕೆಟ್ಟಿತ್ತು. ಅಂಥ ಮನೆಗಳಲ್ಲಿ ಸಾವುಗಳೂ ಹೆಚ್ಚಾಗಿದ್ದವು. ಈ ಶೋಧನೆಯ ಫಲ 1887ರಲ್ಲಿ ಪ್ರಕಟವಾಯಿತು. ಅದೇ ಕಾಲದಲ್ಲಿ ಅವರು ಮೋರಿಗಳ ಒಳಕ್ಕೂ ಇಳಿದು ಅಲ್ಲಿಯ ಗಾಳಿಯನ್ನು ಪರೀಕ್ಷಿಸಿದರು. ವಿದ್ವಾಂಸನು ಗ್ರಂಥಾಲಯದಲ್ಲಿ ಕುಳಿತರೆ ಸಾಲದು, ಸತ್ಯ ಇರುವ ಕಡೆಗೆ ತಾನೇ ನಡೆದು ಹೋಗಬೇಕು ಎಂಬುದು ಅವರ ನಿಲುವಾಗಿತ್ತು. ಅನಂತರ ಅವರು ಆಕ್ಸ್‌ಫರ್ಡ್ ವಿಶ್ವವಿದ್ಯಾಲಯವನ್ನು ಸೇರಿದರು. 1891ರಲ್ಲಿ ಲೂಯಿಸಾ ಕ್ಯಾಥ್ಲೀನ್ ಟ್ರಾಟರ್ ಅವರನ್ನು ವಿವಾಹವಾದರು.

ಆ ಕಾಲದಲ್ಲಿ ಬ್ರಿಟನ್ನಿನ ಸಂಪತ್ತೆಲ್ಲ ಕಲ್ಲಿದ್ದಲನ್ನು ಅವಲಂಬಿಸಿತ್ತು. ಗಣಿಗಳಲ್ಲಿ ಆಗಾಗ ಭಯಂಕರ ಸ್ಫೋಟಗಳು ಸಂಭವಿಸಿ, ಒಂದೊಂದು ಸಲ ನೂರಾರು ಮಂದಿ ಮಡಿಯುತ್ತಿದ್ದರು. ಸತ್ತವರೆಲ್ಲ ಬೆಂಕಿಯಿಂದಲೋ ಸ್ಫೋಟದ ಹೊಡೆತದಿಂದಲೋ ಸತ್ತರೆಂದು ಸಾಮಾನ್ಯವಾಗಿ ನಂಬಲಾಗಿತ್ತು. ಹಾಲ್ಡೇನರಿಗೆ ಈ ನಂಬಿಕೆಯಲ್ಲಿ ಸಂದೇಹ ಹುಟ್ಟಿತು. ಕಾರ್ಬನ್ ಮಾನಾಕ್ಸೈಡ್ ಅನಿಲವು ರಕ್ತದ ಕೆಂಪು ಕಣಗಳೊಡನೆ ಬೆರೆಯುತ್ತದೆ ಎಂಬುದನ್ನು ಫ್ರಾನ್ಸಿನ ಕ್ಲೋಡ್ ಬರ್ನಾರ್ಡ್ ಎಂಬ ವಿಜ್ಞಾನಿ ಹತ್ತೊಂಬತ್ತನೆಯ ಶತಮಾನದ ಮಧ್ಯದಲ್ಲಿಯೇ ತೋರಿಸಿಕೊಟ್ಟಿದ್ದರು. ಆದರೆ ಎಷ್ಟು ಅನಿಲ ಎಷ್ಟು ಹೊತ್ತಿನಲ್ಲಿ ಮನುಷ್ಯನಿಗೆ ಏನು ಮಾಡುತ್ತದೆ ಎಂಬುದು ಸ್ಪಷ್ಟವಾಗಿ ತಿಳಿದಿರಲಿಲ್ಲ.

ಅದನ್ನು ತಿಳಿಯುವ ಬಗೆ ಹೇಗೆ? ಬೇರೆಯವರಿಗೆ ವಿಷವನ್ನು ಉಣಿಸಿ ನೋಡುವುದು ಧರ್ಮವಲ್ಲ. ಹಾಲ್ಡೇನರು ತಮ್ಮನ್ನೇ ಆರಿಸಿಕೊಂಡರು. ಪ್ರಯೋಗಶಾಲೆಯಲ್ಲಿ ಕುಳಿತು, ಗಾಳಿಯೊಡನೆ ಲೆಕ್ಕವಾಗಿ ಬೆರೆಸಿದ ಕಾರ್ಬನ್ ಮಾನಾಕ್ಸೈಡನ್ನು ಕೊಳವೆಯ ಮೂಲಕ ಉಸಿರಾಡಿದರು. ನಡುನಡುವೆ ಬೆರಳಿನಿಂದ ಒಂದೆರಡು ಹನಿ ರಕ್ತವನ್ನು ತೆಗೆದು, ಅದರಲ್ಲಿ ಎಷ್ಟು ಭಾಗ ವಿಷದ ವಶವಾಗಿದೆ ಎಂದು ಅಳೆಯುತ್ತಿದ್ದರು. ತಮಗಾದ ಅನುಭವಗಳನ್ನು ಒಂದೂ ಬಿಡದೆ ಬರೆದಿಟ್ಟರು. ಸುಮ್ಮನೆ ಕುಳಿತಿರುವಾಗ ಬಹಳ ಹೊತ್ತಿನವರೆಗೆ ಏನೂ ಆಗಿಲ್ಲವೆಂದೇ ತೋರುತ್ತಿತ್ತು. ಎದ್ದು ಮೆಟ್ಟಿಲು ಹತ್ತಲು ಹೋದರೆ ಎದೆ ಬಡಿದುಕೊಳ್ಳುತ್ತಿತ್ತು, ತಲೆ ಸುತ್ತುತ್ತಿತ್ತು. ರಕ್ತದ ಅರ್ಧದಷ್ಟು ಭಾಗ ವಿಷದಿಂದ ತುಂಬಿದಾಗ ಕಾಲುಗಳು ಸೋತು ನಡೆಯುವುದೇ ಕಷ್ಟವಾಯಿತು, ಕಣ್ಣು ಮಂಜಾಯಿತು, ಬುದ್ಧಿ ಮಂಕಾಯಿತು. ಇನ್ನೂ ಮುಂದುವರಿದಿದ್ದರೆ ಸಾವು ಖಂಡಿತ ಎಂಬಲ್ಲಿ ಅವರು ಪ್ರಯೋಗವನ್ನು ನಿಲ್ಲಿಸಿದರು. ಈ ಪರೀಕ್ಷೆಗಳ ವಿವರ 1895ರಲ್ಲಿ ಪ್ರಕಟವಾಯಿತು.

ಈ ವಿಷದ ಕ್ರಮವನ್ನು ಸುಲಭವಾಗಿ ಹೀಗೆ ತಿಳಿಯಬಹುದು. ರಕ್ತದಲ್ಲಿರುವ ಹಿಮೋಗ್ಲೋಬಿನ್ ಎಂಬ ಕೆಂಪು ವಸ್ತುವು ಶ್ವಾಸಕೋಶದಿಂದ ಆಮ್ಲಜನಕವನ್ನು ಹೊತ್ತು ದೇಹದ ಮೂಲೆಮೂಲೆಗೆ ಒಯ್ಯುವ ಬಂಡಿಯಿದ್ದಂತೆ. ಕಾರ್ಬನ್ ಮಾನಾಕ್ಸೈಡ್ ಆ ಬಂಡಿಯನ್ನು ಹತ್ತಿ ಕುಳಿತರೆ ಬೇಗನೆ ಇಳಿಯುವುದಿಲ್ಲ. ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚಿನ ಒಲವು ಈ ಅನಿಲದ ಮೇಲಿದೆ. ಆದುದರಿಂದ ಗಾಳಿಯಲ್ಲಿ ಸಾವಿರಕ್ಕೆ ಒಂದು ಪಾಲಿನಷ್ಟು ಅನಿಲವಿದ್ದರೂ ಕೆಲವು ಗಂಟೆಗಳಲ್ಲಿ ಪ್ರಾಣಾಪಾಯ ಒದಗಬಹುದು. ಸುತ್ತಲೂ ಗಾಳಿಯಿದ್ದರೂ ದೇಹ ಒಳಗೊಳಗೇ ಉಸಿರುಕಟ್ಟಿದಂತಾಗುತ್ತದೆ. ನಿದ್ರೆಯಲ್ಲಿರುವವನಿಗೆ ಎಚ್ಚರವೂ ಆಗುವುದಿಲ್ಲ.

ಪ್ರಯೋಗಶಾಲೆಯ ಈ ಜ್ಞಾನಕ್ಕೆ ಮರುವರ್ಷವೇ ಘೋರವಾದ ಪರೀಕ್ಷೆ ಎದುರಾಯಿತು. 1896ರ ಜನವರಿ 27ರಂದು ದಕ್ಷಿಣ ವೇಲ್ಸ್ ಪ್ರಾಂತದ ಟೈಲರ್ಸ್‌ಟೌನ್ ಎಂಬಲ್ಲಿಯ ಗಣಿಯಲ್ಲಿ ಸ್ಫೋಟವಾಗಿ 57 ಮಂದಿ ಮಡಿದರು. ಸರಕಾರದ ಕೋರಿಕೆಯಂತೆ ಹಾಲ್ಡೇನರು ಅಲ್ಲಿಗೆ ಧಾವಿಸಿದರು. ಶವಗಳನ್ನು ಒಂದೊಂದಾಗಿ ಪರೀಕ್ಷಿಸಿದರು. ಬಹುಪಾಲು ಜನರ ಚರ್ಮವು ಬದುಕಿರುವವರಂತೆ ಗುಲಾಬಿ ಬಣ್ಣ ತಾಳಿತ್ತು. ಕಾರ್ಬನ್ ಮಾನಾಕ್ಸೈಡ್ ಬೆರೆತ ರಕ್ತದ ಬಣ್ಣವೇ ಅದು. ರಕ್ತದ ಪರೀಕ್ಷೆಯಿಂದಲೂ ಅದು ದೃಢಪಟ್ಟಿತು. ಸ್ಫೋಟದ ಹೊಡೆತದಿಂದ ಸತ್ತವರು ಕೆಲವರೇ. ಉಳಿದವರನ್ನು ಕೊಂದದ್ದು ಸ್ಫೋಟದ ಬಳಿಕ ಸುರಂಗಗಳಲ್ಲಿ ಹರಡಿದ ಈ ಅನಿಲ. ಅಂದರೆ ಸ್ಫೋಟವಾದ ಮೇಲೂ ಅವರು ಕೆಲವು ಹೊತ್ತು ಬದುಕಿದ್ದರು. ಎಚ್ಚರಿಕೆಯ ಸಾಧನವೊಂದು ಇದ್ದಿದ್ದರೆ ಹಲವರನ್ನು ಉಳಿಸಿಕೊಳ್ಳಬಹುದಾಗಿತ್ತು. ಹಾಲ್ಡೇನರ ವರದಿಯು ಅದೇ ವರ್ಷ ಹೊರಬಂದಿತು. ಗಣಿಯ ಸಾವುಗಳನ್ನು ವಿಧಿಯ ಆಟವೆಂದು ಕೈಚೆಲ್ಲಿ ಕೂರುವ ಕಾಲ ಅಲ್ಲಿಗೆ ಮುಗಿಯಿತು.

ಕಣ್ಣಿಗೆ ಕಾಣದ ಶತ್ರುವನ್ನು ಗುರುತಿಸಲು ಹಾಲ್ಡೇನರು ಸೂಚಿಸಿದ ಉಪಾಯ ಬಹಳ ಸರಳವಾದುದು. ಚಿಕ್ಕ ಪ್ರಾಣಿಗಳು ಮನುಷ್ಯನಿಗಿಂತ ಬೇಗಬೇಗನೆ ಉಸಿರಾಡುತ್ತವೆ. ಆದಕಾರಣ ಇಲಿಯಂಥ ಚಿಕ್ಕ ಪ್ರಾಣಿಗೆ ವಿಷದ ಪರಿಣಾಮ ಮನುಷ್ಯನಿಗಿಂತ ಬಹಳ ಮುಂಚೆಯೇ ತಟ್ಟುತ್ತದೆ. ಇದನ್ನು ಅವರು ತಮ್ಮ ಪ್ರಯೋಗಗಳಲ್ಲಿ ಕಂಡಿದ್ದರು. ಗಣಿಗೆ ಇಳಿಯುವ ರಕ್ಷಣಾ ಪಡೆಯವರು ಪಂಜರದಲ್ಲಿ ಇಂಥ ಪ್ರಾಣಿಯನ್ನು ಒಯ್ದರೆ, ಅದು ತೂಕಡಿಸಿ ಬಿದ್ದೊಡನೆ ಅಪಾಯವನ್ನರಿತು ಹಿಂದಿರುಗಬಹುದು. ಕ್ರಮೇಣ ಇಲಿಗಿಂತ ಕ್ಯಾನರಿ ಎಂಬ ಪುಟ್ಟ ಹಳದಿ ಹಕ್ಕಿಯೇ ಈ ಕೆಲಸಕ್ಕೆ ತಕ್ಕದ್ದೆಂದು ಕಂಡುಬಂದಿತು. ಕೋಲಿನ ಮೇಲೆ ಕುಳಿತ ಹಕ್ಕಿ ಓಲಾಡುವುದು ಮಬ್ಬು ಬೆಳಕಿನಲ್ಲಿಯೂ ಚೆನ್ನಾಗಿ ಕಾಣುತ್ತಿತ್ತು. ಬ್ರಿಟನ್ನಿನ ಗಣಿಗಳಲ್ಲಿ 1986ರವರೆಗೂ ಈ ಹಕ್ಕಿಗಳು ಸೇವೆ ಸಲ್ಲಿಸಿದವು. ಅನಂತರ ಅವುಗಳ ಸ್ಥಾನಕ್ಕೆ ವಿದ್ಯುತ್ ಉಪಕರಣಗಳು ಬಂದವು.

ವಿಷವನ್ನು ಗುರುತಿಸಿದರೆ ಸಾಲದು, ಅದಕ್ಕೆ ಮದ್ದೂ ಬೇಕಷ್ಟೆ. ಅದನ್ನೂ ಹಾಲ್ಡೇನರು ತೋರಿಸಿಕೊಟ್ಟರು. ಒತ್ತಡದಲ್ಲಿ ತುಂಬಿದ ಶುದ್ಧ ಆಮ್ಲಜನಕದಲ್ಲಿ ಇಲಿಯನ್ನಿರಿಸಿದರೆ, ಅದರ ರಕ್ತವೆಲ್ಲ ಕಾರ್ಬನ್ ಮಾನಾಕ್ಸೈಡಿನಿಂದ ತುಂಬಿದ್ದರೂ ಅದು ಬದುಕಿರುತ್ತಿತ್ತು. ಹೇರಳವಾಗಿ ದೊರೆತ ಆಮ್ಲಜನಕವೇ ರಕ್ಷಕವಾಗಿತ್ತು. ಇಂದಿಗೂ ಈ ವಿಷಕ್ಕೆ ತುತ್ತಾದವರಿಗೆ ಆಸ್ಪತ್ರೆಗಳಲ್ಲಿ ಕೊಡುವ ಮುಖ್ಯ ಚಿಕಿತ್ಸೆ ಆಮ್ಲಜನಕವೇ. ಸಾಮಾನ್ಯ ಗಾಳಿಯನ್ನು ಉಸಿರಾಡುವಾಗ ರಕ್ತದಲ್ಲಿಯ ವಿಷ ಅರ್ಧಕ್ಕೆ ಇಳಿಯಲು ನಾಲ್ಕೈದು ಗಂಟೆಗಳು ಬೇಕು. ಶುದ್ಧ ಆಮ್ಲಜನಕ ಕೊಟ್ಟರೆ ಒಂದೂವರೆ ಗಂಟೆಯೊಳಗೆ ಅಷ್ಟು ಇಳಿಯುತ್ತದೆ.

ಹಾಲ್ಡೇನರ ಗಮನ ಗಣಿಗಳಿಗಷ್ಟೇ ಸೀಮಿತವಾಗಿರಲಿಲ್ಲ. ಆ ದಿನಗಳಲ್ಲಿ ಬ್ರಿಟನ್ನಿನ ಪಟ್ಟಣಗಳ ಮನೆಗಳಿಗೆ ದೀಪಕ್ಕೂ ಒಲೆಗೂ ಕೊಳವೆಗಳ ಮೂಲಕ ಅನಿಲವನ್ನು ಒದಗಿಸುತ್ತಿದ್ದರು. ಖರ್ಚು ಕಡಿಮೆಯೆಂದು ಅದರೊಡನೆ ಜಲಾನಿಲ ಎಂಬ ಇನ್ನೊಂದು ಅನಿಲವನ್ನು ಬೆರೆಸುವ ರೂಢಿ ಬೆಳೆಯಿತು. ಅದರಲ್ಲಿ ಕಾರ್ಬನ್ ಮಾನಾಕ್ಸೈಡಿನ ಪ್ರಮಾಣ ಬಹಳ ಹೆಚ್ಚು. ಕೊಳವೆ ಸೋರಿದರೆ ಇಡೀ ಕುಟುಂಬ ನಿದ್ರೆಯಲ್ಲಿಯೇ ಸಾಯುವ ಅಪಾಯವಿತ್ತು. ಈ ವಿಷಯವನ್ನು ವಿಚಾರಿಸಲು ಸರಕಾರ ನೇಮಿಸಿದ ಸಮಿತಿಯಲ್ಲಿ ಹಾಲ್ಡೇನರೂ ಸದಸ್ಯರಾಗಿದ್ದರು. 1899ರಲ್ಲಿ ವರದಿ ನೀಡಿದ ಆ ಸಮಿತಿಯು ಮನೆಗಳಿಗೆ ಬರುವ ಅನಿಲದಲ್ಲಿ ಈ ವಿಷದ ಪ್ರಮಾಣಕ್ಕೆ ಮಿತಿ ಇರಬೇಕೆಂದು ಸೂಚಿಸಿತು. ಗಣಿಯಲ್ಲಿ ಕಲಿತ ಪಾಠ ಹೀಗೆ ಮನೆಯ ಹೊಸ್ತಿಲನ್ನು ದಾಟಿ ಒಳಗೆ ಬಂದಿತು.

ಹಾಲ್ಡೇನರ ಮನೆಯೇ ಒಂದು ಪ್ರಯೋಗಶಾಲೆ. ಅವರ ಮಗ ಜೆ. ಬಿ. ಎಸ್. ಹಾಲ್ಡೇನ್ ಮತ್ತು ಮಗಳು ನವೋಮಿ ಎಳೆಯ ವಯಸ್ಸಿನಿಂದಲೇ ತಂದೆಯ ಕೆಲಸದಲ್ಲಿ ಕೈಜೋಡಿಸುತ್ತಿದ್ದರು. ಒಮ್ಮೆ ತಂದೆ ಮಗನನ್ನು ಗಣಿಯೊಳಕ್ಕೆ ಕರೆದೊಯ್ದು, ಮೀಥೇನ್ ಅನಿಲ ತುಂಬಿದ್ದ ತಗ್ಗು ಚಾವಣಿಯ ಒಂದೆಡೆಯಲ್ಲಿ ನಿಲ್ಲಿಸಿ, ಷೇಕ್ಸ್‌ಪಿಯರನ ನಾಟಕದ ಒಂದು ಭಾಷಣವನ್ನು ಬಾಯಿಪಾಠವಾಗಿ ಹೇಳಲು ತಿಳಿಸಿದರು. ಹುಡುಗ ಹೇಳುತ್ತ ಹೇಳುತ್ತ ಏದುಸಿರು ಬಿಟ್ಟು, ಕಾಲು ಸೋತು ನೆಲಕ್ಕೆ ಕುಸಿದ. ನೆಲದ ಬಳಿ ಗಾಳಿ ಚೆನ್ನಾಗಿಯೇ ಇತ್ತು! ಮೀಥೇನ್ ಗಾಳಿಗಿಂತ ಹಗುರವಾದ್ದರಿಂದ ಮೇಲೆ ನಿಲ್ಲುತ್ತದೆ ಎಂಬ ಪಾಠವನ್ನು ಆ ಬಾಲಕ ಜೀವನವಿಡೀ ಮರೆಯಲಿಲ್ಲ. ಕಾರ್ಬನ್ ಮಾನಾಕ್ಸೈಡಿನ ಸಂಗತಿ ಬೇರೆ. ಅದರ ತೂಕ ಸುಮಾರಾಗಿ ಗಾಳಿಯ ತೂಕದಷ್ಟೇ. ಅದು ಕೋಣೆಯ ತುಂಬ ಸಮನಾಗಿ ಹರಡುವುದರಿಂದ ನೆಲದ ಮೇಲೆ ಮಲಗಿದವನಿಗೂ ಮಂಚದ ಮೇಲೆ ಮಲಗಿದವನಿಗೂ ಅಪಾಯ ಒಂದೇ.

ಈ ವಿಷದ ಇನ್ನೊಂದು ಕೇಡು ಬುದ್ಧಿಯನ್ನು ಮರುಳುಗೊಳಿಸುವುದು. ಗಣಿಯೊಂದರಿಂದ ಮೇಲೆ ಬಂದ ಹಾಲ್ಡೇನರು ತಾವು ಕ್ಷೇಮವಾಗಿದ್ದೇವೆಂದು ಪತ್ನಿಗೆ ತಂತಿ ಕಳುಹಿಸಿದರಂತೆ. ಕಳುಹಿಸಿದ್ದನ್ನು ಮರೆತು ಮತ್ತೊಂದು ಕಳುಹಿಸಿದರು. ಅದನ್ನೂ ಮರೆತು ಇನ್ನೊಂದು ಕಳುಹಿಸಿದರು. ಒಂದೇ ಒಕ್ಕಣೆಯ ತಂತಿಗಳು ಸಾಲುಸಾಲಾಗಿ ಮನೆಗೆ ಬಂದವು. ಈ ಸಂಗತಿಯನ್ನು ಕೇಳಿ ನಗು ಬರಬಹುದು. ಆದರೆ ಆ ವಿಷವನ್ನು ಜಗತ್ತಿನಲ್ಲಿ ಎಲ್ಲರಿಗಿಂತ ಚೆನ್ನಾಗಿ ಬಲ್ಲವರೇ ತಮ್ಮ ಬುದ್ಧಿ ಮಂಕಾದದ್ದನ್ನು ಅರಿಯಲಿಲ್ಲ ಎಂದ ಮೇಲೆ, ಏನೂ ಅರಿಯದೆ ಮುಚ್ಚಿದ ಕೋಣೆಯಲ್ಲಿ ಮಲಗಿದವರ ಪಾಡೇನು? ತಲೆನೋವು ಬಂದಾಗ ಎದ್ದು ಬಾಗಿಲು ತೆರೆದರಾಯಿತು ಎಂದು ನೆಚ್ಚಿಕೊಳ್ಳುವಂತಿಲ್ಲ. ಎದ್ದೇಳುವ ಬುದ್ಧಿಯನ್ನೂ ಶಕ್ತಿಯನ್ನೂ ಆ ವಿಷವು ಮೊದಲೇ ಕಸಿದುಕೊಂಡಿರುತ್ತದೆ.

ಹಾಲ್ಡೇನರ ಸಾಧನೆಗಳು ಇನ್ನೂ ಹಲವು. ಉಸಿರಾಟದ ವೇಗವನ್ನು ನಿಯಂತ್ರಿಸುವುದು ಮುಖ್ಯವಾಗಿ ರಕ್ತದಲ್ಲಿಯ ಕಾರ್ಬನ್ ಡೈ ಆಕ್ಸೈಡ್ ಎಂಬುದನ್ನು 1905ರಲ್ಲಿ ಪ್ರೀಸ್ಟ್ಲಿಯವರೊಡನೆ ಸ್ಥಾಪಿಸಿದರು. ಸಮುದ್ರದ ಆಳಕ್ಕೆ ಇಳಿದ ಮುಳುಗುಗಾರರು ಅಪಾಯವಿಲ್ಲದೆ ಹಂತಹಂತವಾಗಿ ಮೇಲೇರುವ ಕ್ರಮವನ್ನು 1908ರಲ್ಲಿ ರೂಪಿಸಿಕೊಟ್ಟರು. 1911ರಲ್ಲಿ ಅಮೆರಿಕದ ಪೈಕ್ಸ್ ಶಿಖರದ ಮೇಲೆ ವಾರಗಟ್ಟಲೆ ತಂಗಿ, ತೆಳುವಾದ ಗಾಳಿಗೆ ದೇಹ ಹೇಗೆ ಹೊಂದಿಕೊಳ್ಳುತ್ತದೆ ಎಂಬುದನ್ನು ಅಭ್ಯಾಸ ಮಾಡಿದರು. 1915ರಲ್ಲಿ ಯುದ್ಧರಂಗದಲ್ಲಿ ವಿಷಾನಿಲದ ಪ್ರಯೋಗವಾದಾಗ ಅವರು ಫ್ರಾನ್ಸಿಗೆ ಹೋಗಿ ಅದು ಕ್ಲೋರಿನ್ ಎಂದು ಗುರುತಿಸಿದರು. ಸೈನಿಕರ ರಕ್ಷಣೆಗಾಗಿ ಮುಖವಾಡಗಳನ್ನು ಸಿದ್ಧಪಡಿಸುವ ಕಾರ್ಯದಲ್ಲಿ ತೊಡಗಿದರು. ಆಗಲೂ ವಿಷಾನಿಲವನ್ನು ಮೊದಲು ತಾವೇ ಉಸಿರಾಡಿ ಪರೀಕ್ಷಿಸಿದರು. 1934ರಲ್ಲಿ ರಾಯಲ್ ಸೊಸೈಟಿಯು ಕಾಪ್ಲಿ ಪದಕವನ್ನಿತ್ತು ಅವರನ್ನು ಗೌರವಿಸಿತು.

ವಯಸ್ಸು ಎಪ್ಪತ್ತೈದಾದರೂ ಅವರ ಉತ್ಸಾಹ ಕುಗ್ಗಲಿಲ್ಲ. ಎಣ್ಣೆಯ ಕಾರ್ಖಾನೆಗಳಲ್ಲಿ ಬಿಸಿಲಿನ ಬೇಗೆಗೆ ತುತ್ತಾಗುತ್ತಿದ್ದ ಕೆಲಸಗಾರರ ಸ್ಥಿತಿಯನ್ನು ಅರಿಯಲು ಅವರು ಪರ್ಷಿಯಾ ಮತ್ತು ಇರಾಕ್ ದೇಶಗಳಿಗೆ ಹೋದರು. ನೌಬಾದದ ಕರೇಜಿಗೆ ಮೂಲವಾದ ವಿದ್ಯೆ ಹುಟ್ಟಿದ ನಾಡೇ ಅವರ ಕೊನೆಯ ದೂರಪ್ರಯಾಣದ ನಾಡೂ ಆಯಿತು. ಅಲ್ಲಿಂದ ಮರಳಿದ ಬಳಿಕ ಶ್ವಾಸಕೋಶದ ಉರಿಯೂತಕ್ಕೆ ಗುರಿಯಾಗಿ, 1936ರ ಮಾರ್ಚ್ ತಿಂಗಳ ನಡುವಿನಲ್ಲಿ ಆಕ್ಸ್‌ಫರ್ಡಿನ ತಮ್ಮ ಮನೆಯಲ್ಲಿ ಕೊನೆಯುಸಿರೆಳೆದರು. ಜೀವನವಿಡೀ ಉಸಿರಿನ ರಹಸ್ಯವನ್ನು ಹುಡುಕಿದವರನ್ನು ಉಸಿರಾಟದ ಕಾಯಿಲೆಯೇ ಕೊಂಡೊಯ್ದಿತು. ಅವರ ಮಗ ಜೆ. ಬಿ. ಎಸ್. ಹಾಲ್ಡೇನ್ ತಂದೆಯಂತೆಯೇ ಹೆಸರಾಂತ ವಿಜ್ಞಾನಿಯಾಗಿ, 1957ರಲ್ಲಿ ಭಾರತಕ್ಕೆ ಬಂದು ನೆಲೆಸಿ, ಭಾರತದ ಪ್ರಜೆಯಾಗಿ 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡರು.

ಹಾಲ್ಡೇನರು ಕಲಿಸಿದ ಪಾಠ ಇಂದಿನ ಮನೆಗೂ ಅಗತ್ಯವಾದುದು. ಇದ್ದಲು, ಕಟ್ಟಿಗೆ, ಸೀಮೆಎಣ್ಣೆ, ಅನಿಲ ಇವುಗಳಲ್ಲಿ ಯಾವುದೇ ಆಗಲಿ, ಸಾಕಷ್ಟು ಗಾಳಿಯಿಲ್ಲದೆ ಉರಿದರೆ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಉರಿಯುವ ಅಗ್ಗಿಷ್ಟಿಕೆಯನ್ನು ಮಲಗುವ ಕೋಣೆಯಲ್ಲಿ ಎಂದಿಗೂ ಇಡಬಾರದು. ಕೆಂಡದ ಮೇಲೆ ಬೂದಿ ಮುಚ್ಚಿದರೂ ವಿಷ ನಿಲ್ಲುವುದಿಲ್ಲ. ಅಡಿಗೆಮನೆಗೆ ಗವಾಕ್ಷಿಯೂ ಕಿಟಕಿಯೂ ಇರಬೇಕು. ಒಲೆಗೆ ಹೊಗೆಗೊಳವೆ ಇರಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ಅಸ್ತ್ರ ಎಂಬ ವಿಭಾಗದ ವಿಜ್ಞಾನಿಗಳು ಇಂಥ ಹೊಗೆಗೊಳವೆಯುಳ್ಳ ಒಲೆಯನ್ನು ರೂಪಿಸಿ ಕರ್ನಾಟಕದ ಹಳ್ಳಿಗಳಿಗೆ ತಲುಪಿಸಿದರು. ಅನಿಲದಿಂದ ನೀರು ಕಾಯಿಸುವ ಗೀಸರನ್ನು ಗಾಳಿಯಾಡದ ಬಚ್ಚಲುಮನೆಯೊಳಗೆ ಹಾಕಿಸಿ, ಸ್ನಾನಕ್ಕೆ ಹೋದವರು ಮರಳಿ ಬಾರದ ಸುದ್ದಿಗಳು ಪತ್ರಿಕೆಗಳಲ್ಲಿ ಆಗಾಗ ಬರುತ್ತವೆ. ಅಂಥ ಉಪಕರಣ ಬಚ್ಚಲಿನ ಹೊರಗೆ, ಗಾಳಿಗೆ ತೆರೆದ ಜಾಗದಲ್ಲಿರಬೇಕು. ಜನರೇಟರನ್ನು ಮನೆಯೊಳಗೆ ನಡೆಸಬಾರದು. ಒಂದೇ ಮನೆಯ ಹಲವರಿಗೆ ಒಟ್ಟಿಗೆ ತಲೆನೋವು, ವಾಕರಿಕೆ, ತಲೆಸುತ್ತು ಬಂದರೆ ಮೊದಲು ಎಲ್ಲರೂ ಬಯಲಿಗೆ ಬರಬೇಕು. ಪ್ರಜ್ಞೆ ತಪ್ಪಿದವರನ್ನು ಹೊರಗೆ ತರಲು ಹೋಗುವವರು ತಾವೂ ಆ ವಿಷಕ್ಕೆ ಸಿಕ್ಕದಂತೆ ಬಾಗಿಲು ಕಿಟಕಿಗಳನ್ನು ತೆರೆದು, ಬೇಗನೆ ಹೊರಗೆ ಎಳೆದು ತರಬೇಕು. ಒಡನೆಯೇ 108ಕ್ಕೆ ಕರೆಮಾಡಿ ಆಸ್ಪತ್ರೆಗೆ ಸಾಗಿಸಬೇಕು.

ನೌಬಾದದ ಕರೇಜಿನ ಕಿಂಡಿಗಳನ್ನು ತೋಡಿದವರಿಗೆ ರಸಾಯನಶಾಸ್ತ್ರ ತಿಳಿದಿರಲಿಲ್ಲ. ಆದರೂ ಒಳಗಿರುವ ಮನುಷ್ಯನಿಗೆ ಹೊರಗಿನ ಗಾಳಿ ತಲುಪಬೇಕೆಂಬ ವಿವೇಕ ಅವರಲ್ಲಿತ್ತು. ಆ ವಿವೇಕಕ್ಕೆ ಶಾಸ್ತ್ರದ ಆಧಾರವನ್ನು ಒದಗಿಸಿದವರು ಹಾಲ್ಡೇನರು. ಅವರು ಗಣಿಯ ಕತ್ತಲೆಯಲ್ಲಿ ಪ್ರಾಣವನ್ನು ಪಣಕ್ಕಿಟ್ಟು ಕಂಡುಕೊಂಡ ಸತ್ಯವನ್ನು ಮನೆಯಲ್ಲಿ ಪಾಲಿಸಲು ಯಾವ ತ್ಯಾಗವೂ ಬೇಕಿಲ್ಲ. ಚಳಿಗಾಲದ ರಾತ್ರಿ ಮಲಗುವ ಮುನ್ನ ಅಗ್ಗಿಷ್ಟಿಕೆಯನ್ನು ಹೊರಗಿಟ್ಟು, ಕಿಟಕಿಯನ್ನು ಸ್ವಲ್ಪ ತೆರೆದಿಟ್ಟರೆ ಸಾಕು.